ಕುರಿ ಹುಡುಕುತ್ತಿದ್ದ ಕ್ಯಾಮೆರಾ

ಅನಂತಕೃಷ್ಣನಂಥ ಸಾಧು ಮನುಷ್ಯನ ಕೈಯಲ್ಲಿ ಅಂಥ ಕೆಲಸ ಮಾಡಿಸಿಕೊಂಡರಲ್ಲ ಎಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಐರ್ಲೆಂಡಿನ ಮೇನೂತ್‌ನಲ್ಲಿ ಅವನು ನಮ್ಮ ಪಕ್ಕದ ಮನೆಯವನು, ಮೈಸೂರಿನ ಹುಡುಗ. ನಾನು ಬ್ಯೂಮಾಂಟ್‌ನ ಆಸ್ಪತ್ರೆಯಲ್ಲಿ ಡಾಕ್ಟರು. ಕೊರೊನಾ ಕಾಲದಲ್ಲಿ ನಾನು ಡ್ಯೂಟಿ ಮುಗಿಸಿ ಬಂದರೆ ಅವನ ಹೆಂಡತಿ ಶರ್ಮಿಳಾ ಹಿತ್ತಲ ಬೇಲಿಯ ಮೇಲೆ ಸಾರಿನ ಡಬ್ಬಿ ಇಟ್ಟು ದೂರ ಸರಿದು ನಿಲ್ಲುತ್ತಿದ್ದಳು. ಏಳು ವರ್ಷದ ಮಗಳು ಇಂಚರಾ ಕಿಟಕಿಯಿಂದ ಐರಿಶ್ ರಾಗದಲ್ಲಿ ನನಗೆ ಹಲೋ ಹೇಳುತ್ತಿದ್ದಳು.

ಅವನು ಈ ದೇಶಕ್ಕೆ ಬಂದದ್ದು ಕುರಿಗಳಿಗಾಗಿ. ಹೇಳಿದರೆ ಯಾರೂ ನಂಬುವುದಿಲ್ಲ. ಡೆಕ್ಲನ್ ಎಂಬ ರೈತನ ಮಗನೊಬ್ಬ ಸಣ್ಣ ಕಂಪನಿ ಕಟ್ಟಿದ್ದ. ಕತ್ತಲಲ್ಲೂ ಮೈಯ ಶಾಖ ಗುರುತಿಸುವ ಕ್ಯಾಮೆರಾ ಮಾಡಿ, ಈಯಲು ಕಷ್ಟಪಡುವ ಕುರಿ ಬೆಟ್ಟದಲ್ಲಿ ಎಲ್ಲಿದೆ ಎಂದು ರೈತರಿಗೆ ತೋರಿಸುವುದು ಅವರ ಕಸುಬು. ಕುರಿಯ ಸುತ್ತ ಹಸಿರು ಚೌಕ ಬರೆಯಬೇಕು, ಮನುಷ್ಯರನ್ನೂ ನಾಯಿಯನ್ನೂ ಬಿಟ್ಟುಬಿಡಬೇಕು. ಹಾಗೆಂದು ಯಂತ್ರಕ್ಕೆ ಕಲಿಸುವವನು ನಮ್ಮ ಅನಂತು. ಮರಿಯೊಂದು ಉಳಿದ ಸುದ್ದಿ ಬಂದರೆ ಮನೆಯಲ್ಲಿ ಕೇಸರಿಬಾತು. ಆಯುಧಪೂಜೆಯ ದಿನ ಕ್ಯಾಮೆರಾಕ್ಕೆ ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಆಫೀಸಿಗೆಲ್ಲ ಕೋಸಂಬರಿ ಹಂಚುತ್ತಿದ್ದ. ಡೆಕ್ಲನ್ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದನಂತೆ.

ಆಮೇಲೆ ಯುರೋಪಿನ ದೊಡ್ಡದೊಂದು ರಕ್ಷಣಾ ಎಲೆಕ್ಟ್ರಾನಿಕ್ಸ್ ಕಂಪನಿ ಬಂದು ಇವರನ್ನು ನುಂಗಿತು. ಸಣ್ಣಪುಟ್ಟ ಕಂಪನಿಗಳನ್ನು ಹೀಗೆ ನುಂಗಿ ನುಂಗಿಯೇ ಅದು ಬೆಳೆದದ್ದು. ಡೆಕ್ಲನ್ ಸಿಕ್ಕಿದ್ದು ತೆಗೆದುಕೊಂಡು ಹೊರಟುಹೋದ. ಅಷ್ಟರಲ್ಲಿ ಕೊರೊನಾ ಬಂತು, ಕಂಪನಿಗೆ ಸುಗ್ಗಿಯೂ ಬಂತು. ಕುರಿ ಹುಡುಕುತ್ತಿದ್ದ ಕ್ಯಾಮೆರಾವನ್ನೇ ಕಟ್ಟಡಗಳ ಬಾಗಿಲಿಗೆ ಸಿಕ್ಕಿಸಿ, ಜ್ವರ ಹಿಡಿಯುತ್ತದೆ ಎಂದು ಮಾರಿದರು. ಜ್ವರವೇ ಇಲ್ಲದೆ ಸೋಂಕು ಹೊತ್ತವರು ಅದರ ಮುಂದೆ ಆರಾಮಾಗಿ ದಾಟುತ್ತಿದ್ದರು; ಅಂಥವರನ್ನು ವಾರ್ಡಿನಲ್ಲಿ ನೋಡುತ್ತಿದ್ದವಳು ನಾನು. ಜಾಹೀರಾತಿನಲ್ಲಿ ಮಾತ್ರ ನಮ್ಮಂಥ ಡಾಕ್ಟರುಗಳಿಗೆ ಚಪ್ಪಾಳೆ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎನ್ನುವುದು ಇಂಥವರಿಗೇ.

ಆ ಬೇಸಿಗೆಯಲ್ಲಿ ಅನಂತುವಿಗೆ ಹೊಸ ಕೆಲಸ ಬಂತು. ಇನ್ನು ಮೇಲೆ ಕುರಿಯನ್ನು ಬಿಡಬೇಕು, ಮನುಷ್ಯರನ್ನು ಹುಡುಕಬೇಕು. ಯಾಕೆಂದು ಕೇಳಿದ್ದಕ್ಕೆ, ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ಕಾಪಾಡಲು ಎಂದರು. ಅವನು ನಂಬಿದ. ಲಾಕ್‌ಡೌನಿನಲ್ಲಿ ಪರೀಕ್ಷೆಗೆ ಹೊರಗಿನ ಜನ ಸಿಗಲಿಲ್ಲ. ಕ್ಯಾಮೆರಾ ಮನೆಗೇ ಬಂದಿತ್ತು. ಮನೆಯ ಹಿಂದಿನ ಹೊಲದಲ್ಲಿ ಹೆಂಡತಿ ಮಗಳನ್ನೇ ಕಣ್ಣಾಮುಚ್ಚಾಲೆ ಆಡಿಸಿ ಚಿತ್ರ ಹಿಡಿದ. ಇಂಚರಾ ಬೇಲಿಯ ಬುಡದಲ್ಲಿ ಮುದುರಿ ಕೂರುವಳು, ಅಮ್ಮನ ಕೋಟಿನೊಳಗೆ ನುಸುಳುವಳು. ಪ್ರತಿ ಸಲವೂ ಯಂತ್ರ ಅವಳನ್ನು ಹಿಡಿಯುತ್ತಿತ್ತು. ಬೇಸಿಗೆಯೆಲ್ಲ ಆ ಮನೆಯಲ್ಲಿ ಇದೇ ಆಟ. ಅವಳ ಕೇಕೆ ನನ್ನ ಅಡುಗೆಮನೆಗೆ ಕೇಳುತ್ತಿತ್ತು.

ಆ ವರ್ಷ ಆಯುಧಪೂಜೆಯೂ ಮನೆಯಲ್ಲೇ. ಈಳಿಗೆಮಣೆ, ಇಂಚರಾಳ ಸೈಕಲ್ಲು, ಲ್ಯಾಪ್‌ಟಾಪು, ಪಕ್ಕದಲ್ಲಿ ಕ್ಯಾಮೆರಾ. ಕುಂಕುಮ ಇಟ್ಟವಳು ಇಂಚರಾ. ಹಬ್ಬದ ಫೋಟೊ ಇದ್ದರೆ ಕಳಿಸಿ, ನಮ್ಮಲ್ಲಿ ಎಲ್ಲ ಸಂಸ್ಕೃತಿಗೂ ಗೌರವವಿದೆ ಎಂದು ಕಂಪನಿಯವರು ಕೇಳಿದ್ದರು. ಇವನು ಸಂಭ್ರಮದಿಂದ ಕಳಿಸಿದ. ನಾವು ಮಾಡುವ ತಪ್ಪೇ ಇದು. ಎದುರಿಗಿರುವುದು ಏನೆಂದು ವಿಚಾರಿಸುವ ಮೊದಲೇ ಅದಕ್ಕೆ ಕುಂಕುಮ ಹಚ್ಚಿಬಿಡುತ್ತೇವೆ.

ನವೆಂಬರಿನಲ್ಲಿ ಗಿರಾಕಿಗಳೊಂದಿಗೆ ವಿಡಿಯೊ ಮೀಟಿಂಗು ಆಯಿತು. ಗಿರಾಕಿಗಳು ಯಾವುದೋ ದೇಶದ ಗಡಿ ಕಾಯುವವರು. ಕ್ಯಾಮೆರಾವನ್ನು ಡ್ರೋನಿಗೆ ಕಟ್ಟುವ ವ್ಯಾಪಾರ ಅದು ಎಂದು ಅನಂತುವಿಗೆ ಗೊತ್ತಾದದ್ದೇ ಆಗ. ಮಾರಾಟದ ಮ್ಯಾನೇಜರ್ ಮಾರ್ಟಿನ್ ಪರದೆಯ ಮೇಲೆ ಹೊಲದ ಚಿತ್ರ ತೋರಿಸಿದ. ಬೇಲಿಯ ಬುಡದಲ್ಲಿ ಬೆಳ್ಳಗೆ ಹೊಳೆಯುವ ಪುಟ್ಟ ಮೈ, ಸುತ್ತ ಕೆಂಪು ಚೌಕ, ಚೌಕದ ಮೇಲೆ ‘ಟಾರ್ಗೆಟ್’ ಎಂಬ ಪದ. ಆಮೇಲಿನ ಚಿತ್ರದಲ್ಲಿ ಕೋಟಿನೊಳಗೆ ಮಗುವನ್ನು ಬಚ್ಚಿಟ್ಟುಕೊಂಡ ಹೆಂಗಸು. ತಾಯಿ ಹೀಗೆ ಮಗುವನ್ನು ಬಚ್ಚಿಟ್ಟರೆ ಒಂದು ಟಾರ್ಗೆಟ್ ಎಂದು ತೋರಿಸುತ್ತದೋ ಎರಡೋ ಎಂದು ಗಿರಾಕಿಯೊಬ್ಬ ಕೇಳಿದ. ತರಕಾರಿ ಕೊಳ್ಳುವವರ ದನಿಯಲ್ಲೇ ಕೇಳಿದನಂತೆ. ಉತ್ತರ ಹೇಳಲು ಮಾರ್ಟಿನ್ ಅನಂತುವನ್ನು ಕರೆದ.

ಇಲ್ಲಿ ದುಡಿಯುವ ಪರ್ಮಿಟ್ಟು ಕಂಪನಿಯ ಹೆಸರಿನಲ್ಲಿತ್ತು. ಆ ದಿನಗಳಲ್ಲಿ ಬೇರೆ ಕೆಲಸ ಕೊಡುವವರಿರಲಿಲ್ಲ. ಮಾತು ಹೆಚ್ಚುಕಡಿಮೆಯಾದರೆ ಬಾಡಿಗೆ ಮನೆ, ಮಗಳ ಶಾಲೆ, ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು. ಸುಮ್ಮನೆ ಎರಡು ಎಂದಿದ್ದರೆ ಮುಗಿದುಹೋಗುತ್ತಿತ್ತು.

“ಅವಳು ನನ್ನ ಹೆಂಡತಿ,” ಎಂದನಂತೆ ಅನಂತು. “ಕೋಟಿನೊಳಗೆ ಇರೋದು ನನ್ನ ಮಗಳು. ಒಂದೋ ಎರಡೋ ನೀವೇ ಎಣಿಸಿಕೊಳ್ಳಿ.”

ಮಾರ್ಟಿನ್ ನಕ್ಕುಬಿಟ್ಟ. ಗ್ರ್ಯಾಂಡ್, ಗ್ರ್ಯಾಂಡ್, ಪರವಾಗಿಲ್ಲ, ನಮ್ಮದು ಒಂದು ಕುಟುಂಬವಿದ್ದ ಹಾಗೆ ಎಂದು ಮುಂದಿನ ಚಿತ್ರ ಹಾಕಿದ. ಆಯುಧಪೂಜೆಯ ಫೋಟೊ. ಕ್ಯಾಮೆರಾಕ್ಕೆ ಕುಂಕುಮ ಇಡುತ್ತಿರುವ ಅದೇ ಇಂಚರಾ. ನಮ್ಮ ಎಂಜಿನಿಯರುಗಳು ಈ ಯಂತ್ರವನ್ನು ಪೂಜಿಸುತ್ತಾರೆ, ಅಷ್ಟು ನಂಬಿಕೆ ಎಂದ. ಗಿರಾಕಿಗಳು ಕರಗಿದರು. ಆರ್ಡರು ಸಿಕ್ಕಿತು. ನಿನ್ನ ಮನೆಯ ಮಾತು ತುಂಬಾ ಕೆಲಸಕ್ಕೆ ಬಂತು ಎಂದು ಮಾರ್ಟಿನ್ ಅವನಿಗೆ ಥ್ಯಾಂಕ್ಸ್ ಬೇರೆ ಕಳಿಸಿದ. ಥೂ! ಉಗುಳಿದ್ದನ್ನೂ ಒರೆಸಿಕೊಂಡು ಮಾರುವ ಜನ.

ಬೇಲಿಯ ಬಳಿ ನಿಂತು ಅವನು ಇದನ್ನು ನನಗೆ ಹೇಳುವಾಗ ಶರ್ಮಿಳಾ ಪಕ್ಕದಲ್ಲೇ ಇದ್ದಳು. ಅವಳು ದನಿ ಏರಿಸಲಿಲ್ಲ.

“ಬಿಟ್ಬಿಡಿ ರೀ. ಮೈಸೂರಲ್ಲಿ ಗಂಜಿ ಕುಡ್ಕೊಂಡಾದ್ರೂ ಇರೋಣ. ಈ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲ.”

ಅವನು ಬಿಟ್ಟ. ಹೊರಡುವ ಮುನ್ನ ಮಗಳ ಫೋಟೊವನ್ನೂ ಹೊಲದ ಚಿತ್ರಗಳನ್ನೂ ಅಳಿಸಿ ಎಂದು ಕೇಳಿಕೊಂಡ. ಫೋಟೊ ತೆಗೆದರು, ಕ್ಷಮೆಯನ್ನೂ ಕೇಳಿದರು. ಹೊಲದ ಚಿತ್ರಗಳು ಕಂಪನಿಯ ಸ್ವತ್ತು ಎಂದರು. ಅವನ್ನೂ ಅಳಿಸಿದ್ದರೆ ಸಮಾಧಾನ ಆಗ್ತಿತ್ತಲ್ಲ ಎಂದು ನಾನು ಹೇಳಿದೆ.

“ಅಳಿಸಿದ್ರೂ ಅಷ್ಟೇ, ನೀರಜಕ್ಕ,” ಎಂದ. “ಮಗು ಅಡಗಿ ಕೂತ್ರೆ ಹೇಗೆ ಕಾಣತ್ತೆ ಅಂತ ಅದು ಕಲ್ತಿರೋದೇ ಇಂಚರಾನ ನೋಡಿ. ಇನ್ನ ಎಲ್ಲೇ ಯಾವ ಮಗು ಅಡಗಿದ್ರೂ, ಹುಡುಕಿ ಕೊಡೋದು ನನ್ನ ಮಗಳೇ.”



ಅವರು ಹೊರಡುವ ಹಿಂದಿನ ದಿನ ಇಂಚರಾ ಹಿತ್ತಲಿಗೆ ಓಡಿ ಬಂದು, ಕೊನೆಯ ಸಲ ಆಡೋಣ, ನಾನು ಅಡಗುತ್ತೇನೆ, ನೀನು ಹುಡುಕು ಎಂದು ಅಪ್ಪನ ಕೈ ಜಗ್ಗಿದಳು.

“ನೀನೇ ಹುಡುಕು ಪುಟ್ಟಿ,” ಎಂದ. “ಅಪ್ಪ ಅಡಗ್ತಾನೆ.”

ಅಷ್ಟೆತ್ತರದ ಗಂಡಸು ಬೇಲಿಯ ಬುಡದಲ್ಲಿ, ಅವಳು ಕೂರುತ್ತಿದ್ದ ಜಾಗದಲ್ಲೇ, ಮಂಡಿಗೆ ತಲೆ ಕೊಟ್ಟು ಮುದುರಿ ಕೂತ. ಇಂಚರಾ ಬಂದು ಬೆನ್ನು ಮುಟ್ಟಿದ ಮೇಲೂ ಅವನು ಏಳಲಿಲ್ಲ.