ಟ್ಯೂಬಿನ ಹಾವು, ಗ್ರೀಕರ ದೇವರು

ಸತ್ತ ಟ್ಯೂಬನ್ನು ನಮ್ಮ ಕಡೆ ಯಾರೂ ಎಸೆಯುವುದಿಲ್ಲ. ಹತ್ತು ತೇಪೆ ಬಿದ್ದು, ಹನ್ನೊಂದನೆಯದಕ್ಕೆ ಜಾಗ ಇಲ್ಲದಂತಾದ ಮೇಲೂ ಅದಕ್ಕೆ ಕೆಲಸ ಇರುತ್ತದೆ. ಬೈಕಿನ ಹಿಂದೆ ಮೇವಿನ ಹೊರೆ ಬಿಗಿಯಲು, ಸೋರುವ ಪೈಪಿಗೆ ಸುತ್ತಲು, ಅಲ್ಲಾಡುವ ಮಂಚದ ಕಾಲು ಕಟ್ಟಲು ಅದೇ ಬೇಕು. ದೋರನಹಳ್ಳಿಯಲ್ಲಿ ರಸ್ತೆಗೆ ಹತ್ತಿಕೊಂಡು ನನ್ನದೊಂದು ಪಂಚರ್ ಅಂಗಡಿ ಇದೆ. ಟ್ಯೂಬಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಹೋದ ವರ್ಷ ಅದೇ ಟ್ಯೂಬು ಗ್ರೀಕರ ಹೆಂಗಸೊಬ್ಬಳ ತಲೆಗೂದಲಾಯಿತು. ನನ್ನ ಜಂಬ ಅಲ್ಲಿಗೆ ಮುಗಿಯಿತು.

ಇದಕ್ಕೆಲ್ಲ ಕಾರಣ ನನ್ನ ಅಣ್ಣನ ಮಗಳು ಮಾದೇವಿ. ಶಹಾಪುರದ ಇಂಗ್ಲಿಷ್ ಶಾಲೆಯಲ್ಲಿ ಎಂಟನೇ ಕ್ಲಾಸು. ಸಂಜೆ ಬಸ್ಸಿಳಿದು ಸೀದಾ ನನ್ನ ಅಂಗಡಿಗೆ ಬರುತ್ತಾಳೆ. ಅಣ್ಣ, ಅತ್ತಿಗೆ, ನಮ್ಮವ್ವ ಭತ್ತದ ಗದ್ದೆಯಿಂದ ಬರುವ ತನಕ ಹಳೆ ಟೈರಿನ ಮೇಲೆ ಕೂತು ಓದುತ್ತಾಳೆ. ಯಾದಗಿರಿಯಿಂದ ದಿನಾ ಬಂದು ಹೋಗುವ ಹೊಸ ಇಂಗ್ಲಿಷ್ ಮೇಡಂ ಒಬ್ಬರು ಅವಳಿಗೆ ಪುಸ್ತಕ ಕೊಡುತ್ತಾರೆ. ಒಂದೊಂದೂ ಇಟ್ಟಂಗಿಯಷ್ಟು ದಪ್ಪ. ಎಲ್ಲದರ ಮುಖದ ಮೇಲೂ ಒಂದು ಕತ್ತಿ, ಒಂದು ಸಿಡಿಲು, ಗಾಳಿಗೆ ಕೂದಲು ಹಾರಿಸಿಕೊಂಡು ನಿಂತ ಒಬ್ಬ ಹುಡುಗ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನಗೆ ಇಂಗ್ಲಿಷ್ ಅಂದರೆ ಟೈರಿನ ಮೇಲೆ ಬರೆದಿರುತ್ತದಲ್ಲ, ಅಷ್ಟೇ. ಅದಕ್ಕೆ ಅವಳು ಓದಿ ಓದಿ ನನಗೆ ಕನ್ನಡದಲ್ಲಿ ಹೇಳುತ್ತಾಳೆ, ನಾನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತ ಕೇಳುತ್ತೇನೆ. ನಾಲ್ಕು ಪಂಚರ್ ಮುಗಿಯುವುದರೊಳಗೆ ಒಂದು ಅಧ್ಯಾಯ ಮುಗಿಯುತ್ತದೆ.

ಹೀಗೆ ಏಳೆಂಟು ಪುಸ್ತಕ ಕಿವಿಯ ಮೇಲೆ ಬಿದ್ದಿವೆ. ಹೆಸರು ಬೇರೆ, ಬರೆದವರು ಬೇರೆ, ಕಥೆ ಮಾತ್ರ ಒಂದೇ. ಒಬ್ಬ ಹುಡುಗ, ಇಲ್ಲವೇ ಹುಡುಗಿ. ಕ್ಲಾಸಿನಲ್ಲಿ ಎಲ್ಲರಿಗಿಂತ ಹಿಂದೆ, ಯಾರಿಗೂ ಬೇಡವಾದವನು. ಇದ್ದಕ್ಕಿದ್ದಂತೆ ಒಂದು ದಿನ ಯಾರೋ ಬಂದು, ನಿನ್ನ ಅಪ್ಪ ಗ್ರೀಕರ ದೇವರು, ತಗೋ ಕತ್ತಿ, ಹೋಗಿ ಜಗತ್ತನ್ನು ಉಳಿಸು ಎನ್ನುತ್ತಾರೆ. ನಾನೂ ಹಿಂದಿನ ಬೆಂಚಿನವನೇ. ನನ್ನನ್ನು ಹುಡುಕಿಕೊಂಡು ಬಂದವನು ನಮ್ಮಪ್ಪ ಒಬ್ಬನೇ. ಅವನ ಕೈಯಲ್ಲಿ ಇದ್ದದ್ದು ಕತ್ತಿಯಲ್ಲ, ಬಾರುಕೋಲು. ಅವನು ತೋರಿಸಿದ್ದು ಜಗತ್ತನ್ನಲ್ಲ, ಈ ಅಂಗಡಿಯನ್ನು.

ದೇವರಾದರೂ ನೆಟ್ಟಗಿದ್ದಾರೆಯೇ ಅಂದರೆ ಅದೂ ಇಲ್ಲ. ಒಂದು ಬೆಟ್ಟದ ಮೇಲೆ ಹನ್ನೆರಡು ಮಂದಿ ಕೂತಿರುತ್ತಾರೆ. ದುಡಿಮೆ ಎನ್ನುವುದು ಇಲ್ಲ. ಒಬ್ಬರ ಮೇಲೊಬ್ಬರಿಗೆ ಹೊಟ್ಟೆಕಿಚ್ಚು, ಕೆಳಗೆ ಬಂದು ಮಕ್ಕಳನ್ನು ಹುಟ್ಟಿಸಿ ಹೋಗುವುದು, ಆಮೇಲೆ ಆ ಮಕ್ಕಳನ್ನೇ ಜಗಳಕ್ಕೆ ಕಳಿಸುವುದು. ಸಮುದ್ರದ ದೇವರ ಮಗನೊಬ್ಬ ಇದ್ದಾನೆ. ಕೈ ಎತ್ತಿದರೆ ನೀರು ಗೋಡೆಯಂತೆ ಎದ್ದು ನಿಲ್ಲುತ್ತದಂತೆ. ಕರೆದುಕೊಂಡು ಬರ್ರಿ ಅವನನ್ನು ನಮ್ಮ ಕಾಲುವೆಯ ಕೊನೆಗೆ. ಇಲ್ಲಿ ಊರಿಗೆ ಊರೇ ಕೈ ಎತ್ತಿದರೂ ಕೊನೆಯ ಹೊಲಕ್ಕೆ ಮೊಣಕಾಲು ನೀರು ಹರಿಯುವುದಿಲ್ಲ. ಅವನು ಒಂದು ಬೆಳೆಗೆ ನೀರು ಹಾಯಿಸಿ ತೋರಿಸಿದರೆ ನಾನೇ ಅವನ ಪಟ ತಂದು ಅಂಗಡಿಯಲ್ಲಿ ತೂಗು ಹಾಕುತ್ತೇನೆ.

ಒಮ್ಮೆ ಮಾದೇವಿಯನ್ನು ಕೇಳಿದೆ. "ಅಲ್ಲ, ಈ ದೇವರಿಗೆ ಎಡಿ-ನೈವೇದ್ಯ ಏನ್ ಹಿಡೀತಾರ?"

ಅವಳು ಪುಸ್ತಕ ತೆಗೆದಳು. ವಾರವಿಡೀ ಹಿಂದೆ ಮುಂದೆ ಪುಟ ತಿರುವಿ ನೋಡಿದಳು. ಕೊನೆಗೆ ತಾನೇ ತಪ್ಪು ಮಾಡಿದವಳಂತೆ ಹೇಳಿದಳು. "ಎಲ್ಲೂ ಬರದಿಲ್ಲ ಕಾಕಾ."

ಸರಿ ಹೋಯಿತು. ನಮ್ಮ ಕಡೆ ಕಲ್ಲಿಗೆ ಒಂದು ಬೊಟ್ಟು ಕುಂಕುಮ ಬಿದ್ದರೂ ವರ್ಷಕ್ಕೊಮ್ಮೆ ಅದಕ್ಕೆ ಹೋಳಿಗೆ, ಹೊಸ ಬಟ್ಟೆ, ಉಪವಾಸ ಎಲ್ಲ ಬೆನ್ನು ಹತ್ತುತ್ತವೆ. ದೇವರು ಅಂದಮೇಲೆ ಮನೆಗೆ ಕೆಲಸ ಹೆಚ್ಚಾಗಬೇಕು. ಕೆಲಸ ಹಚ್ಚದ ದೇವರು ಎಂಥ ದೇವರು?

ಹೀಗೆ ನಾನು ಬೈಯುತ್ತ, ಅವಳು ಓದುತ್ತ ಇರುವಾಗ ಶಾಲೆಯ ಗ್ಯಾದರಿಂಗ್ ಬಂತು. ವರ್ಷದ ಕೊನೆಗೆ ಹಾಡು, ಕುಣಿತ, ನಾಟಕ ಮಾಡಿಸುತ್ತಾರಲ್ಲ, ಅದು. ಮೇಡಂ ಆ ಪುಸ್ತಕಗಳಿಂದಲೇ ಒಂದು ನಾಟಕ ಕಟ್ಟಿದರು. ಕತ್ತಿ ಹಿಡಿಯುವ ಪಾತ್ರ ಅಕ್ಕಿ ಗಿರಣಿಯವರ ಮಗನಿಗೆ. ಭತ್ತ ಬಂದ ಮೇಲೆ ನಮ್ಮ ಕಡೆ ಗಿರಣಿಗಳು ಎದ್ದವು, ಗಿರಣಿ ಎದ್ದ ಮೇಲೆ ಕತ್ತಿ ಯಾರಿಗೆ ಎಂದು ಕೇಳುವ ಅಗತ್ಯವೂ ಹೋಯಿತು. ತಲೆಯ ಮೇಲೆ ಕೂದಲ ಬದಲು ಹಾವು ಇರುವ ಹೆಂಗಸಿನ ಪಾತ್ರ ಯಾವ ಹುಡುಗಿಗೂ ಬೇಡವಾಗಿ ಮಾದೇವಿಗೆ ಬಂತು. ಅವಳನ್ನು ನೋಡಿದವರು ಕಲ್ಲಾಗುತ್ತಾರೆ. ಹುಡುಗ ಬಂದು ಅವಳ ತಲೆ ಕಡಿಯುತ್ತಾನೆ. ಇಂಥ ಪ್ರತಿ ಪುಸ್ತಕದಲ್ಲೂ ಯಾರಾದರೊಬ್ಬರು ಅವಳ ತಲೆ ಕಡಿದೇ ಮುಂದೆ ಹೋಗುತ್ತಾರೆ, ನಮ್ಮವರು ಟೋಲ್ ಕಟ್ಟಿ ಮುಂದೆ ಹೋದಂತೆ.

ಮಾದೇವಿಗೆ ಮಾತ್ರ ಆಕಾಶ ಕೈಗೆ ಸಿಕ್ಕಷ್ಟು ಸಂತೋಷ. ಅದರ ಹಿಂದಿನ ಎರಡು ವರ್ಷ ಅವಳನ್ನು ಸ್ಟೇಜಿನ ಮೂಲೆಯಲ್ಲಿ ಗಿಡ ಮಾಡಿ ನಿಲ್ಲಿಸಿದ್ದರು. ಈ ಸಲ ಮಾತಿತ್ತು, ನಗುವಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಸಾವಿತ್ತು. ನಾನು ಹಳೆ ಟ್ಯೂಬು ಸೀಳಿ ಹನ್ನೆರಡು ಹಾವು ಮಾಡಿದೆ. ಒಳಗೆ ತಂತಿ, ಕಣ್ಣಿಗೆ ಸೈಕಲ್ ಬೇರಿಂಗಿನ ಹೊಳೆಯುವ ಛರ್ರೆ ಗುಂಡು. ನನ್ನ ಕೈಕೆಲಸ ನಾನೇ ಹೊಗಳಬಾರದು, ಆದರೆ ಅಂಗಡಿಯ ಎದುರು ಕಟ್ಟಿದ್ದ ಎಮ್ಮೆಯೊಂದು ಅದನ್ನು ನೋಡಿ ಹಗ್ಗ ಹರಿದುಕೊಂಡು ಓಡಿತು.

ಎಮ್ಮೆಗಿಂತ ಹೆಚ್ಚು ಹೆದರಿದವಳು ನಮ್ಮವ್ವ. ಕಾಲುವೆ ಬಂತು, ಜೋಳ ತೊಗರಿ ಹೋಗಿ ಭತ್ತ ಬಂತು. ಭತ್ತಕ್ಕೆ ಇಲಿ ಬಂದವು, ಇಲಿಗೆ ಹಾವು ಬಂದವು. ಒಂದು ಸಲ ಕಳೆ ಕೀಳುವಾಗ ನಾಗರಹಾವೊಂದು ಅವ್ವನ ಕೈಯಳತೆಯಲ್ಲಿ ಹೆಡೆ ಎತ್ತಿ ನಿಂತು, ಹಾಗೇ ತಿರುಗಿ ಹೋಗಿತ್ತು. ಅಂದಿನಿಂದ ಅವಳು ಹಾವು ಎಂಬ ಮಾತನ್ನೇ ಆಡುವುದಿಲ್ಲ, 'ಹುಳ' ಎನ್ನುತ್ತಾಳೆ. ಪಂಚಮಿಯ ದಿನ ಮನೆಯಲ್ಲಿ ಕುಡುಗೋಲು, ಈಳಿಗೆ ಮುಟ್ಟಲು ಬಿಡುವುದಿಲ್ಲ. ಅಂಥವಳ ಎದುರು ಮೊಮ್ಮಗಳು ಹನ್ನೆರಡು ಹಾವು ತಲೆಗೆ ಕಟ್ಟಿಕೊಂಡು ಬಂದು, ಆಯಿ, ಇದರ ಸಮೇತ ನನ್ನ ತಲೆ ಕಡಿಯುತ್ತಾರೆ ನೋಡು ಎಂದು ಹಿಗ್ಗಿನಿಂದ ಹೇಳಿದಳು. ಮಾಡಬೇಡ ಎಂದು ಅವ್ವ ಒಂದೇ ಮಾತಿಗೆ ಮುಗಿಸಿದಳು.

ಮಾದೇವಿ ಬಿಡಲಿಲ್ಲ. ಆ ಹೆಂಗಸು ಒಳ್ಳೆಯವಳೇ ಇದ್ದಳು, ಸಮುದ್ರದ ದೇವರು ಗುಡಿಯೊಳಗೇ ಅವಳನ್ನು ಕೆಡಿಸಿದ, ಆ ಗುಡಿಯ ದೇವಿಗೆ ಸಿಟ್ಟು ಬಂದು ಇವಳ ಕೂದಲನ್ನೇ ಹಾವು ಮಾಡಿದಳು ಎಂದು ಹಳೆಯ ಕಥೆಯನ್ನೆಲ್ಲ ಕೂಡಿಸಿ ಹೇಳಿದಳು. ಅವ್ವ ಅಕ್ಕಿಯಲ್ಲಿನ ಕಲ್ಲು ಆರಿಸುವುದನ್ನು ನಿಲ್ಲಿಸಿ ಕೇಳಿದಳು.

"ಆ ಗಂಡಸಿಗೆ ಏನಾತು?"

"ಏನೂ ಆಗಿಲ್ಲ ಆಯಿ. ಆಂವ ದೇವ್ರು."

"ಹಂಗಾರ ಇದು ದೂರದ ಕಥಿ ಅಲ್ಲ ಬಿಡು" ಎಂದು ಅವ್ವ ಮತ್ತೆ ಕಲ್ಲು ಆರಿಸತೊಡಗಿದಳು.

ನಿಜವೇ. ನಮ್ಮ ಕಡೆಯೂ ಊರೂರಿನ ಹೊರಗೆ ಬೇವಿನ ಮರದ ಕೆಳಗೆ ಅಂಥವಳೊಬ್ಬಳು ಕೂತಿರುತ್ತಾಳೆ. ಕೆರೆಗೆ ಹಾರ ಕೊಟ್ಟ ಸೊಸೆ, ಗೋಡೆಯಲ್ಲಿ ಮುಚ್ಚಿದ ಮಗಳು. ಆ ಕಡೆಯವರು ಕಡಿದು ಪುಸ್ತಕ ಬರೆಯುತ್ತಾರೆ, ನಾವು ಕೊಂದು ಸೀರೆ ಉಡಿಸುತ್ತೇವೆ. ಹೆಚ್ಚು ಕಡಿಮೆ ಏನಿಲ್ಲ. ಸೀರೆ ಉಡಿಸಿದ ಮೇಲೆ ಅವಳ ಎದುರು ಚಪ್ಪಲಿ ಹಾಕಿಕೊಂಡು ನಡೆಯಲು ಹೆದರುತ್ತೇವೆ, ಅಷ್ಟೇ ಫರಕು.

ಕೊನೆಗೆ ನಾನೇ ಶಾಲೆಗೆ ಹೋದೆ. ಕಡಿಯುವುದೊಂದು ಬಿಟ್ಟು ಉಳಿದದ್ದೆಲ್ಲ ಮಾಡಿಸಿ ಎಂದು ಮೇಡಂಗೆ ನೇರವಾಗಿ ಹೇಳಿದೆ. ಒಳ್ಳೆ ಹೆಣ್ಣುಮಗಳು, ಸಿಟ್ಟಾಗಲಿಲ್ಲ. ತಲೆ ಕಡಿಯದೆ ನಾಟಕ ಮುಗಿಯುವುದಿಲ್ಲ, ನಿಮಗೆ ಬೇಡವಾದರೆ ಬೇರೆ ಹುಡುಗಿಯನ್ನು ಹಾಕುತ್ತೇನೆ ಎಂದರು. ಇಷ್ಟು ಮಂದಿ ಇದೇ ದೇವರ ಹಿಂದೆ ಯಾಕೆ ಬಿದ್ದಿದ್ದಾರೆ, ಬೇರೆ ಸಿಗಲಿಲ್ಲವೇ ಎಂದು ಕೇಳಿದೆ.

"ಅವ್ರನ್ನ ಈಗ ಯಾರೂ ಪೂಜಿ ಮಾಡಂಗಿಲ್ರಿ" ಎಂದರು. "ಅದಕ್ಕ ಏನ್ ಬೇಕಾದ್ರೂ ಬರೀಬಹುದು. ಯಾರಿಗೂ ಸಿಟ್ಟು ಬರಂಗಿಲ್ಲ."

"ನಮ್ಮವ್ವಗ ಬಂದದ್ರಿ" ಎಂದೆ.

ಆದರೆ ಅವರ ಮಾತು ದಾರಿಯುದ್ದಕ್ಕೂ ತಲೆಯಲ್ಲಿ ಕೂತಿತ್ತು. ಅಣೆಕಟ್ಟು ಕಟ್ಟಿದಾಗ ಹೊಳೆದಂಡೆಯ ಊರುಗಳು ಮುಳುಗಿದವು. ಬಿಟ್ಟು ಹೋದ ಮನೆಗಳಿಂದ ಬಾಗಿಲು, ಚೌಕಟ್ಟು, ತೊಲೆ ಎಲ್ಲ ಕಿತ್ತು ತಂದರು. ಈಗಲೂ ಸುರಪುರದ ದಾರಿಯಲ್ಲಿ ನೋಡಿ, ತಗಡಿನ ಶೆಡ್ಡಿಗೆ ಒಂದು ಕೆತ್ತನೆಯ ಬಾಗಿಲು. ಗಿಳಿ, ಆನೆ, ಬಳ್ಳಿ ಎಲ್ಲ ಇವೆ. ಹಿಂದೆ ಮನೆ ಇಲ್ಲ, ಗೊಬ್ಬರದ ಚೀಲ ಇವೆ. ಈ ಪುಸ್ತಕಗಳೂ ಅಂಥವೇ. ಎಂದೋ ಮುಳುಗಿದ ಊರಿನಿಂದ ಬಾಗಿಲು ಕಿತ್ತು ತಂದಿದ್ದಾರೆ. ಒಳಗೆ ಜೀನ್ಸು ಹಾಕಿಕೊಂಡ ಒಬ್ಬ ಹುಡುಗ ಮತ್ತು ಅವನ ಸಿಟ್ಟು ಬಿಟ್ಟರೆ ಏನಿಲ್ಲ. ಬಾಗಿಲು ಮಾತ್ರ ಚೆಂದ ಇದೆ, ಸುಳ್ಳು ಯಾಕೆ ಹೇಳಲಿ.

ಸುಳ್ಳು ಬೇರೆ ಕಡೆ ಹೇಳಿದೆ. ಪಾತ್ರ ಹೋಗುತ್ತದೆ ಎಂದು ಕೇಳಿದ ಕ್ಷಣದಿಂದ ಮಾದೇವಿ ಮಾತು ಬಿಟ್ಟಳು, ಪುಸ್ತಕವನ್ನೂ ಮುಟ್ಟಲಿಲ್ಲ. ಅದನ್ನು ನೋಡಲಾರದೆ, ಮಾದೇವಿಯೇ ಮಾಡಲಿ ಎಂದು ಮೇಡಂಗೆ ತಿಳಿಸಿ, ಕಡಿಯುವುದನ್ನು ಅವರು ತೆಗೆದುಹಾಕಿದ್ದಾರೆ ಎಂದು ಅವ್ವನಿಗೆ ಹೇಳಿಬಿಟ್ಟೆ. ಅವ್ವ ಶಹಾಪುರಕ್ಕೆ ಹೋಗುವವಳಲ್ಲ, ತಿಳಿಯುವುದಾದರೂ ಹೇಗೆ ಎಂಬುದು ನನ್ನ ಲೆಕ್ಕ. ಹಾಗಿದ್ದರೆ ನಾನೂ ನೋಡಬೇಕು ಎಂದಳು ಅವ್ವ. ಓಣಿಯ ಮೂವರು ಹೆಂಗಸರನ್ನು ಕಟ್ಟಿಕೊಂಡು, ಸಣ್ಣ ತಂಬಿಗೆಯಲ್ಲಿ ಹಾಲು ಹಿಡಿದು, ಟಂಟಂ ಆಟೋ ಹತ್ತಿ ಬಂದು ಮುಂದಿನ ಸಾಲಿನಲ್ಲೇ ಕೂತಳು.

ಸಂಜೆಯ ಬೆಳಕು ಇನ್ನೂ ಇತ್ತು. ಮಾದೇವಿ ಸ್ಟೇಜಿಗೆ ಬಂದಾಗ ಹನ್ನೆರಡು ಹಾವೂ ಅವಳ ಹೆಜ್ಜೆಗೆ ತಕ್ಕಂತೆ ತೂಗಿದವು. ಹೆಂಗಸರು ಒಬ್ಬೊಬ್ಬರಾಗಿ ಸೆರಗು ಹೊದ್ದು ಕೈ ಮುಗಿದರು. ಪುಸ್ತಕದ ಪ್ರಕಾರ ಇವಳನ್ನು ನೋಡಿದವರು ಕಲ್ಲಾಗಬೇಕಿತ್ತು. ಮಂದಿ ಅಲ್ಲಾಡದೆ ಕೂತಿದ್ದ ರೀತಿ ನೋಡಿದರೆ ಅದೇನೂ ಸುಳ್ಳೆನಿಸಲಿಲ್ಲ. ಮಾದೇವಿ ನಕ್ಕಳು, ಬೈದಳು, ಕೊನೆಗೆ ಕಣ್ಣು ಮುಚ್ಚಿ ಕುತ್ತಿಗೆ ಮೇಲೆತ್ತಿ ನಿಂತಳು. ಗಿರಣಿಯವರ ಹುಡುಗ ಬೆಳ್ಳಿ ಕಾಗದದ ಕತ್ತಿ ಎತ್ತಿದ.

ಅವ್ವ ಎದ್ದು ನಿಂತಳು. ಕೂಗಲಿಲ್ಲ. ಹೊಲದಲ್ಲಿ ಆಳಿಗೆ ಹೇಳುವಂತೆ ಹೇಳಿದಳು.

"ತಮ್ಮಾ, ಮೊದ್ಲ ಕಾಲಾಗಿನ ಚಪ್ಪಲಿ ಬಿಡು."

ಹುಡುಗ ಅವ್ವನನ್ನು ನೋಡಿದ, ಪಕ್ಕದಲ್ಲಿ ಕೂತ ತನ್ನ ಸ್ವಂತ ಅಜ್ಜಿಯನ್ನು ನೋಡಿದ. ಆ ಮುದುಕಿಯೂ ಕೈ ಮುಗಿದುಕೊಂಡೇ ಇದ್ದಳು. ಅವನು ಬಗ್ಗಿ, ಕಾಲಿಗೆ ಗ್ರೀಕರಂತೆ ಸುತ್ತಿಕೊಂಡಿದ್ದ ಚಪ್ಪಲಿಯ ದಾರ ಬಿಚ್ಚತೊಡಗಿದ. ಬಹಳ ಹೊತ್ತು ಹಿಡಿಯಿತು. ಬಿಚ್ಚಿ ಆದ ಮೇಲೆ ಕತ್ತಿ ಯಾಕೆ ಹಿಡಿದಿದ್ದೆ ಎಂಬುದೇ ಅವನಿಗೆ ಮರೆತಿತ್ತೋ ಏನೋ, ಕೆಳಗಿಟ್ಟು ನಮಸ್ಕಾರ ಮಾಡಿದ. ಮಂದಿ ಚಪ್ಪಾಳೆ ಹೊಡೆದರು. ಯಾರೋ ಪರದೆ ಎಳೆದರು. ಮೇಡಂ ಹಾಳೆ ಹಿಡಿದುಕೊಂಡು ನಿಂತೇ ಇದ್ದರು. ಎಷ್ಟೋ ಪುಸ್ತಕಗಳಲ್ಲಿ ಕಡಿಸಿಕೊಂಡ ಆ ಹೆಂಗಸಿಗೆ ಕೊನೆಗೆ ಶಹಾಪುರದಲ್ಲಿ ಕೈ ಮುಗಿಯುವವರು ಸಿಕ್ಕರಲ್ಲ ಎಂದು, ನನ್ನ ಸುಳ್ಳನ್ನೂ ಮರೆತು, ನಾನು ಹಿಗ್ಗಿದೆ.

ಹಿಗ್ಗದವಳು ಒಬ್ಬಳೇ. ಮಾದೇವಿ ಪರದೆಯ ಹಿಂದೆ ಇನ್ನೂ ಕುತ್ತಿಗೆ ಎತ್ತಿಕೊಂಡೇ ನಿಂತಿದ್ದಳು. ಊರಿಗೆ ಬರುವಾಗ ಟಂಟಂನಲ್ಲಿ ಹೆಂಗಸರೆಲ್ಲ ಅವಳ ಗಲ್ಲ ಹಿಡಿದು ಹೊಗಳಿದರು. ಅವಳು ಹೊರಗೆ ನೋಡುತ್ತ ಕೂತಿದ್ದವಳು ಮೆಲ್ಲಗೆ ನನಗೊಬ್ಬನಿಗೇ ಹೇಳಿದಳು.

"ಒಂದ್ ತಿಂಗಳು ಸಾಯೋದು ಕಲ್ತಿದ್ದೆ ಕಾಕಾ. ಯಾರೂ ಸಾಯಾಕ ಬಿಡ್ಲಿಲ್ಲ."

ನನ್ನ ಹಿಗ್ಗಿನ ಗಾಳಿ ಅಲ್ಲೇ ಹೋಯಿತು. ನಾನು, ಅವ್ವ, ಮೇಡಂ, ಮೂವರೂ ಆ ತಲೆಗಾಗಿ ಜಗ್ಗಾಡಿದ್ದೆವು. ತಲೆಯಿದ್ದವಳನ್ನು ಯಾರೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಮುಟ್ಟದಿದ್ದಾಗ ಅವ್ವನ ಎದುರು ಎಲ್ಲ ಒಪ್ಪಿಕೊಂಡೆ. ಅವ್ವ ನನ್ನನ್ನು ಬೈದದ್ದು ಸುಳ್ಳು ಹೇಳಿದ್ದಕ್ಕಲ್ಲ.

"ಮೊದ್ಲ ನನಗ ಬರೋಬರ ಕೇಳಿದ್ರ ಹೇಳ್ತಿದ್ದಿಲ್ಲೇನು? ಹುಳ ಇಳಿಸಿ ಇಟ್ಟು ಕಡೀರಿ ಅಂತಿದ್ದೆ. ತಲಿ ನಾಟಕದ್ದು. ಹುಳದ್ದೇನ್ ತಪ್ಪು?"

ಮೊಮ್ಮಗಳ ತಲೆ ಹೋದರೆ ಅಡ್ಡಿ ಇರಲಿಲ್ಲ! ಇಷ್ಟೆಲ್ಲ ರಾಮಾಯಣ ಹನ್ನೆರಡು ತುಂಡು ಟ್ಯೂಬಿಗಾಗಿ.

ಅವ್ವ ಮಾದೇವಿಯನ್ನು ಅಂಗಳಕ್ಕೆ ಕರೆದು ಹಾವಿನ ಕಿರೀಟ ತೊಡಿಸಿದಳು. ಆಮೇಲೆ ಎರಡೂ ಕೈಯಿಂದ ಅದನ್ನು ಎತ್ತಿ, ಮೊರದಲ್ಲಿಟ್ಟು, ಕುಂಕುಮ ಹಚ್ಚಿ, ನೆರಳಿಗೆ ಸರಿಸಿದಳು. ನನ್ನ ಕೈಗೆ ಒಂದು ತೊಗರಿ ಕಟ್ಟಿಗೆ ಕೊಟ್ಟು, "ಈಗ ಕಡಿ" ಎಂದಳು.

ಕಡಿದೆ. ಮಾದೇವಿ ಒಂದು ಸುತ್ತು ತಿರುಗಿದಳು, ಗಾಳಿಯನ್ನು ಹಿಡಿಯಲು ನೋಡಿದಳು, ಮೊಣಕಾಲ ಮೇಲೆ ಕುಸಿದಳು. ಮುಗಿಯಿತು ಎಂದುಕೊಂಡಾಗ ಇನ್ನೊಮ್ಮೆ ತಲೆ ಎತ್ತಿ ನಮ್ಮನ್ನೆಲ್ಲ ನೋಡಿದಳು. ಆ ನೋಟಕ್ಕೆ ನನ್ನ ಕೈಯ ಕಟ್ಟಿಗೆ ಕೆಳಗಿಳಿಯಿತು. ಅತ್ತಿಗೆ ಮಜ್ಜಿಗೆ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಳು. ಕೊನೆಗೆ ಒಂದು ಬೆರಳು ಮಾತ್ರ ಅಲ್ಲಾಡುತ್ತಿತ್ತು, ಅದೂ ನಿಂತಿತು.

ಅವ್ವ ಸೆರಗಿನಿಂದ ಕೈಯ ಕುಂಕುಮ ಒರೆಸಿಕೊಂಡಳು. "ಚಲೋ ಸತ್ತಿ ಮಗಳ" ಎಂದಳು. "ಎದ್ದು ಉಣ್ಣು ಬಾ."

ಮಾದೇವಿ ಏಳಲಿಲ್ಲ. ಮಣ್ಣಿನಲ್ಲಿ ಕೆನ್ನೆ ಇಟ್ಟುಕೊಂಡು, ಕಣ್ಣು ತೆರೆಯದೆಯೇ ಹೇಳಿದಳು.

"ಇನ್ನೊಮ್ಮಿ ಕಾಕಾ. ಈ ಸಲ ಸ್ವಲ್ಪ ಸಾವಕಾಶ ಕಡಿ."

ಅಂಗಡಿ ತೆಗೆಯುವ ಹೊತ್ತು ಮೀರಿತ್ತು. ನಾನು ಕಟ್ಟಿಗೆ ಎತ್ತಿಕೊಂಡೆ.