ಭಾವನೋರ ಮುಂದೆ ಮಲಗೋದು

ಕೆಂಚಾರ್ಲಹಳ್ಳಿಯ ನಾಗಮ್ಮನವರ ಒಂದು ಕಣ್ಣಿಗೆ ಮೊದಲೇ ಎರಡು ಆಪರೇಷನ್ ಆಗಿತ್ತು. ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾವನ್ನು, ಇಡಿಯಾಗಿ ಬದಲಿಸಿ ಸುತ್ತ ಹೊಲಿಗೆ ಹಾಕಿದರೆ ಅಂಥ ಕಣ್ಣು ತಡೆಯೋದು ಕಷ್ಟ ಅಂತ, ನಾನು ಅದರ ಕೆಟ್ಟಿದ್ದ ಒಳಪದರವನ್ನಷ್ಟೇ ಬದಲಿಸಿದೆ. ಹೊಸ ಪದರ ಅಂಟುವ ತನಕ ಅದನ್ನು ಹಿಡಿದಿಡೋದು ಕಣ್ಣೊಳಗೆ ಬಿಟ್ಟ ಒಂದು ಗಾಳಿಗುಳ್ಳೆ. ಗುಳ್ಳೆ ಮೇಲೇರಿ ಪದರವನ್ನು ಒತ್ತಿ ಹಿಡಿಯಲಿ ಅಂತಲೇ ರೋಗಿ ಸೂರು ನೋಡುತ್ತಾ ಅಂಗಾತ ಮಲಗಿರಬೇಕು.

ಮಧ್ಯಾಹ್ನದ ಹೊತ್ತಿಗೆ ಪದರ ಜಾರಿತ್ತು.

“ಏಳಬೇಡಿ ಅಂದಿದ್ದೆನಲ್ಲಮ್ಮ?”

“ಭಾವನೋರು ಬಂದ್ರು ಸಾರ್. ಅವರ ಮುಂದೆ ಕಾಲು ಚಾಚ್ಕೊಂಡು ಹೆಂಗ್ ಮಲ್ಗಿರ್ಲಿ?”

ಬಾಗಿಲಲ್ಲಿ ನಿಂತಿದ್ದ ಭಾವ ತಲೆ ಕೆರೆದುಕೊಂಡರು. “ಏಳ್ಬೇಡಮ್ಮ ಅಂತ ನಾನೇ ಹೇಳ್ದೆ ಡಾಕ್ಟ್ರೇ. ಎದ್ದು ಕೂತ್ಕೊಂಡು, ಸೆರಗು ಹೊದ್ಕೊಂಡು, ‘ಆಗ್ಲಿ ಭಾವ’ ಅಂದ್ಲು.”

ಬೈಯೋಕೂ ತ್ರಾಣವಿರಲಿಲ್ಲ. ಮತ್ತೆ ಥಿಯೇಟರು, ಮತ್ತೆ ಗಾಳಿ. ಇನ್ನೊಂದು ಸಲ ಜಾರಿದರೆ ಪದರ ಉಳಿಯೋದು ಅನುಮಾನ ಅಂತ ಹೇಳಿ, ನೆಂಟರನ್ನೆಲ್ಲ ಹೊರಗೆ ಕಳಿಸಿ, ಬಾಗಿಲಿಗೆ ಸಿಸ್ಟರನ್ನು ನಿಲ್ಲಿಸಿದೆ.

ಸಂಜೆ ವಾರ್ಡಿಗೆ ಹೋದೆ. ನಾಗಮ್ಮನವರು ಅಂಗಾತ ಮಲಗಿದ್ದರು. ನನ್ನ ಬೂಟಿನ ಸದ್ದು ಕೇಳಿದ್ದೇ ತಡ, ಸೆರಗು ಸರಿಮಾಡಿಕೊಂಡು ಎದ್ದು ಕೂತರು.

“ಡಾಕ್ಟ್ರು ಬಂದಾಗ ಮಲ್ಗಿರಕ್ಕಾಗ್ತದಾ ಸಾರ್?”

ಪುಣ್ಯಕ್ಕೆ ಪದರ ಜಾರಿರಲಿಲ್ಲ. ಅವತ್ತಿಂದ ಆ ವಾರ್ಡಿಗೆ ನಾನು ಬೂಟು ಬಿಚ್ಚಿಟ್ಟು, ಕಳ್ಳಬೆಕ್ಕಿನ ಹಾಗೆ ಹೋಗ್ತೀನಿ.