ಒಂದು ಹೂವು ಗಿಡಕ್ಕಿರಲಿ

ಬೆಳಗಿನ ಐದೂಮುಕ್ಕಾಲು. ಸಂಡೂರಿನ ಗುಡ್ಡದ ಹಳ್ಳವೊಂದರಲ್ಲಿ ತಾಯಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಎದುರಿಗೆ ಸೊಂಟದೆತ್ತರದ ಪೊದೆ, ಅದರಲ್ಲಿ ಎರಡೇ ಮೊಗ್ಗು. ನಸುಕಿನಲ್ಲಿ ಬಿರಿದರೆ ಬಿಸಿಲೇರುವ ಹೊತ್ತಿಗೆ ಪಕಳೆ ಉದುರುತ್ತವೆ. ಹನ್ನೊಂದಕ್ಕೆ ಸರ್ವೆಯವರು ಬರುತ್ತಾರೆ. ಅದಿರು ಲಾರಿಗಳ ಹೊಸ ರಸ್ತೆ ಈ ಹಳ್ಳದ ಮೇಲೆಯೇ ಹಾಯಲಿದೆ.

ಸರ್ವೆ ಪಟ್ಟಿಯಲ್ಲಿ ಈ ಗಿಡ ‘ಸಾಮಾನ್ಯ ಕುರುಚಲು’. ಜೀಪಿನಿಂದ ಇಳಿಯದೆ ಬರೆದ ಪಟ್ಟಿ ಅದು. ಎಲೆ ನೋಡಿದರೆ ಮಳೆಕಾಡಿನದೆನಿಸುವ ಗಿಡ, ಬೇಸಿಗೆಯಲ್ಲೂ ಬತ್ತದ ಇಲ್ಲಿನ ಒರತೆಯ ಪಕ್ಕ ಹೇಗೋ ಉಳಿದುಕೊಂಡಿದೆ. ಇರುವುದು ಒಂಬತ್ತು. ಈ ವರ್ಷ ಮೊಗ್ಗು ಬಿಟ್ಟಿದ್ದು ಇದೊಂದೇ. ಊರಲ್ಲಿ ಇದಕ್ಕೆ ಹೆಸರೂ ಇಲ್ಲ.

ಚೋರನೂರಿನ ತಾಯಕ್ಕನಿಗೆ ನಲವತ್ತೊಂಬತ್ತು. ಮೊದಲು ಆಡು ಮೇಯಿಸುತ್ತಿದ್ದರು. ಆಡುಗಳು ಮೂಸಿ ಬಿಟ್ಟುಬಿಡುವ ಈ ಗಿಡವನ್ನು ಗಮನಿಸಿದ್ದು ಅವರೇ. ಹನ್ನೆರಡು ವರ್ಷಗಳಿಂದ ಹೊಸಪೇಟೆಯ ಕಾಲೇಜೊಂದಕ್ಕೆ ದಿನಗೂಲಿ ಮೇಲೆ ಗಿಡ ಹುಡುಕಿಕೊಡುತ್ತಾರೆ. ಕೊಂಬೆ ಕೊಯ್ದು, ಹಳೇ ಪೇಪರಿನ ನಡುವೆ ಒತ್ತಿ, ಬೂಷ್ಟು ಹಿಡಿಯದಂತೆ ದಿನಾ ಪೇಪರು ಬದಲಿಸಿ ಒಣಗಿಸುತ್ತಾರೆ. ಇದುವರೆಗೆ ಗಿಡ ಅಂಟಿಸಿ ಚೀಟಿ ಹಚ್ಚಿದ ಆರುನೂರ ನಲವತ್ತು ಹಾಳೆ. ‘ಸಂಗ್ರಹಿಸಿದವರು’ ಎಂಬ ಜಾಗದಲ್ಲಿ ಒಂದರಲ್ಲೂ ಅವರ ಹೆಸರಿಲ್ಲ. ಗುಡ್ಡ ಹತ್ತದವರ ಹೆಸರುಗಳಿವೆ.

ಎರಡೂ ಮೊಗ್ಗು ಬಿರಿಯುತ್ತವೆ. ಜೊತೆಗೆ ಬಂದಿರುವ ಸಸ್ಯಶಾಸ್ತ್ರದ ಮೇಡಂ ಸುಮಲತಾ ಕತ್ತರಿ ತೆಗೆಯುತ್ತಾರೆ. ಅವರಿಗೆ ಎರಡೂ ಬೇಕು. ಒಂದನ್ನು ಸೀಳಿ ನೋಡಲು, ಇನ್ನೊಂದನ್ನು ಒತ್ತಿಡಲು. ಹೂವಿನ ಬುಡದ ಅಂಡಾಶಯದಲ್ಲಿ ಎಷ್ಟು ಕೋಣೆಗಳಿವೆ ಎಂಬುದರ ಮೇಲೆ ಗಿಡ ಯಾವ ಕುಟುಂಬದ್ದೆಂದು ತಿಳಿಯಬೇಕು. ಇದು ಸಾಮಾನ್ಯ ಕುರುಚಲಲ್ಲ ಎಂದು ತೋರಿಸದಿದ್ದರೆ ರಸ್ತೆ ನಿಲ್ಲುವುದಿಲ್ಲ. ತಾಯಕ್ಕ ಅವರ ಮಣಿಕಟ್ಟು ಹಿಡಿಯುತ್ತಾರೆ.

“ಒಂದು ತಗೋರಿ. ಒಂದು ಗಿಡಕ್ಕಿರ್ಲಿ.”

“ಒಂದು ಹೂವು ಉಳಸಾಕ ಹೋಗಿ ಹಳ್ಳನ ಕಳ್ಕೊಂತೀವಿ, ತಾಯಕ್ಕ.”

“ಹಳ್ಳ ಉಳ್ದು ಬೀಜ ಇಲ್ಲಂದ್ರ, ನಾ ಏನ್ ಕಲ್ಲು ಕಾಯ್ಲೇನ್ರಿ ಮೇಡಂ?”

ಸುಮಲತಾ ಕತ್ತರಿಯನ್ನು ಅವರ ಕೈಗೇ ಕೊಡುತ್ತಾರೆ. ತಾಯಕ್ಕ ಒಂದೇ ಹೂವು ಕೊಯ್ಯುತ್ತಾರೆ. ಬುತ್ತಿಯ ಮುಚ್ಚಳದ ಮೇಲಿಟ್ಟು ಸುಮಲತಾ ಬ್ಲೇಡಿನಿಂದ ಅಡ್ಡ ಸೀಳುತ್ತಾರೆ. ಸೀಳು ತಪ್ಪಿದರೆ ಇನ್ನೊಂದಿಲ್ಲ. ಭೂತಗನ್ನಡಿಯಲ್ಲಿ ನೋಡಿ ಎರಡು ಸಲ ಎಣಿಸುತ್ತಾರೆ. ಪಟ್ಟಿಯವರು ಇದೆಂದುಕೊಂಡ ಕುರುಚಲು ಗಿಡಕ್ಕೆ ಎರಡು ಕೋಣೆ. ಇದಕ್ಕೆ ಐದು. ಅಲ್ಲೇ ಚಿತ್ರ ಬರೆದು, ಚೂರುಗಳನ್ನೇ ಪೇಪರಿನಲ್ಲಿ ಜೋಡಿಸಿ ಒತ್ತುತ್ತಾರೆ.

ಹನ್ನೊಂದಕ್ಕೆ ಬಂದ ಸರ್ವೆ ಅಧಿಕಾರಿ ಶಂಭುಲಿಂಗ ಚೂರುಗಳನ್ನು ನೋಡಿ ಮುಖ ಸಿಂಡರಿಸುತ್ತಾರೆ. ಇಡೀ ಹೂವು ಎಲ್ಲಿ ಎನ್ನುತ್ತಾರೆ. ತಾಯಕ್ಕ ಪೊದೆಯತ್ತ ಕೈ ಮಾಡುತ್ತಾರೆ. “ಬಗ್ಗಿ ನೋಡ್ರಿ ಸಾಹೇಬ್ರ. ನಿಂತು ನೋಡಿದ್ರ ಕಾಣಂಗಿಲ್ಲ.”

ಪಕಳೆ ಉದುರಿವೆ. ಬುಡದಲ್ಲಿ ಮುಂದೆ ಕಾಯಾಗಬೇಕಾದ ಹಸಿರು ಗುಂಡೊಂದು ಉಳಿದಿದೆ. ಅಧಿಕಾರಿ ಮೊಣಕಾಲೂರಿ ನೋಡುತ್ತಾರೆ, ಭೂತಗನ್ನಡಿ ಕೇಳಿ ಪಡೆದು ಚೂರುಗಳನ್ನೂ ನೋಡುತ್ತಾರೆ. ‘ಸಾಮಾನ್ಯ ಕುರುಚಲು’ ಎಂಬುದನ್ನು ಹೊಡೆದು ‘ಗುರುತು ಬಾಕಿ’ ಎಂದು ಬರೆಯುತ್ತಾರೆ. ಗುರುತು ತೀರ್ಮಾನವಾಗುವವರೆಗೆ ಹಳ್ಳಕ್ಕೆ ಯಂತ್ರ ಇಳಿಯುವಂತಿಲ್ಲ.

ಹೆಸರು ಗೊತ್ತಾಗಲು ಎರಡು ವರ್ಷವೂ ಹಿಡಿಯಬಹುದು ಎಂದು ಸುಮಲತಾ ಪೆಚ್ಚಾಗುತ್ತಾರೆ. ತಾಯಕ್ಕ ಮುಳ್ಳುಕಂಟಿ ಎಳೆದು ತಂದು ಪೊದೆಯ ಸುತ್ತ ಒಟ್ಟುತ್ತಿದ್ದಾರೆ.

“ಹೆಸ್ರು ನಿಧಾನಕ್ಕ ಇಡ್ರಿ. ಅಲ್ಲೀತನ ಯಾರೂ ಮುಟ್ಟಂಗಿಲ್ಲಲ್ಲ.”